ಗುಬ್ಬಿಯ ಸೀಸನ್ ಟಿಕೆಟ್ಟು, ಯೂರೋಪಿನ ರೈಲು ಪಾಸು

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರಕ್ಕೆ ರೈಲಿಲ್ಲ. ಹೋಬಳಿಯ ಜನ ಬೆಂಗಳೂರಿಗೆ ರೈಲಿನಲ್ಲೇ ಹೋಗಬೇಕೆಂದರೆ ಬಸ್ಸು ಹತ್ತಿ ಗುಬ್ಬಿಗೆ ಬರಬೇಕು, ಇಲ್ಲವೇ ಕುಣಿಗಲ್ಲಿಗೆ ಹೋಗಬೇಕು. ಗುಬ್ಬಿಯದು ಹಳೆಯ ಮಾರ್ಗ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಮೀಟರ್ ಗೇಜ್ ಹಳಿ ಮುಂದೆ ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಹರಿಹರದ ಕಡೆಗೆ ಬೆಳೆಯಿತು. ಕುಣಿಗಲ್ಲಿನದು ಈಚಿನದು, ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಆ ಹಾದಿ ಪೂರ್ತಿಯಾಗಿ ತೆರೆದದ್ದು 2017ರಲ್ಲಿ. ಈ ಎರಡು ಹಳಿಗಳ ನಡುವೆ ಬದುಕುವ ನಮ್ಮ ಸೀಮೆಯವರಿಗೆ ಪಾಸ್ ಎಂಬುದು ಹೊಸ ವಿಷಯವೇನಲ್ಲ. ಹೈಸ್ಕೂಲಿನಲ್ಲಿ ಬಸ್ ಪಾಸು, ಕಾಲೇಜಿಗೆ ಬಂದ ಮೇಲೂ ಅದೇ, ನೌಕರಿ ಸಿಕ್ಕ ಮೇಲೆ ರೈಲಿನ ಸೀಸನ್ ಟಿಕೆಟ್ಟು. ಪಾಸ್ ತೆಗೆದುಕೊಂಡವನಿಗೆ ಲಾಭ, ದಿನಾ ಟಿಕೆಟ್ ಕೊಳ್ಳುವವನಿಗೆ ನಷ್ಟ ಎಂಬುದು ಇಲ್ಲಿ ಯಾರೂ ಹೇಳಿಕೊಡಬೇಕಿಲ್ಲದ ಪಾಠ. ಈಗ ಇದೇ ಸೀಮೆಯ ಮನೆಗಳಿಂದ ಯೂರೋಪ್ ನೋಡಲು ಹೋಗುವವರು ಹೆಚ್ಚುತ್ತಿದ್ದಾರೆ. ಹೊರಡುವ ಮುಂಚೆ ಅವರ ಮುಂದೆ ನಿಲ್ಲುವ ಪ್ರಶ್ನೆಯೂ ಅದೇ: ರೈಲು ಪಾಸ್ ತೆಗೆದುಕೊಳ್ಳೋಣವೇ, ಬಿಡಿ ಬಿಡಿಯಾಗಿ ಟಿಕೆಟ್ ಕೊಳ್ಳೋಣವೇ? ನಮ್ಮೂರಿನ ಪಾಠವನ್ನು ಅಲ್ಲಿಗೆ ಹಾಗೆಯೇ ಹೊತ್ತುಕೊಂಡು ಹೋದರೆ ದುಡ್ಡು ಕಳೆದುಕೊಳ್ಳುವ ಸಂಭವವೇ ಹೆಚ್ಚು ಎಂಬುದು ನನ್ನ ವಾದ.

ಮೊದಲು ನಮ್ಮ ಸೀಸನ್ ಟಿಕೆಟ್ಟಿನ ಲೆಕ್ಕ ನೋಡೋಣ. ಎರಡನೇ ದರ್ಜೆಯ ಒಂದು ತಿಂಗಳ ಸೀಸನ್ ಟಿಕೆಟ್ಟಿನ ದರವನ್ನು ರೈಲ್ವೆ ಇಲಾಖೆ ಸುಮಾರು 15 ಒಂಟಿ ಪ್ರಯಾಣಗಳ ದರದ ಮೇಲೆ ಕಟ್ಟುತ್ತದೆ. ಹೋಗಿ ಬರುವುದನ್ನು ಎರಡೆಂದು ಹಿಡಿದರೆ ಎಂಟನೆಯ ದಿನಕ್ಕೆ ಅಸಲು ಬಂತು, ಉಳಿದ ದಿನಗಳದ್ದೆಲ್ಲ ಉಳಿತಾಯ. ಮೂರು ತಿಂಗಳಿನದು ತಿಂಗಳ ದರದ 2.7 ಪಟ್ಟು, ಅಲ್ಲಿಯೂ ಒಂದಿಷ್ಟು ಬಿಟ್ಟುಕೊಟ್ಟಿದ್ದಾರೆ. 2014ರ ಜೂನ್‌ನಲ್ಲಿ ಈ 15ನ್ನು 30 ಮಾಡಲು ಹೊರಟಾಗ ಎದ್ದ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಂದರೆ ಈ ಅಗ್ಗ ಸುಮ್ಮನೆ ಬಂದದ್ದಲ್ಲ. ದಿನವೂ ಅದೇ ಊರಿನಿಂದ ಅದೇ ಊರಿಗೆ, ಅದೇ ಹೊತ್ತಿಗೆ ಹೋಗುವ ಜನ ಇದ್ದಾರೆ, ಅವರನ್ನು ನಿತ್ಯ ಕೌಂಟರಿನ ಮುಂದೆ ಸಾಲು ನಿಲ್ಲಿಸಿ ಪ್ರಯೋಜನವಿಲ್ಲ, ದುಡಿಯುವವರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಆದರೆ ಅದೇ ಸೀಸನ್ ಟಿಕೆಟ್ಟಿಗೆ ಕಟ್ಟುಪಾಡುಗಳೂ ಇವೆ. ಸಾಮಾನ್ಯವಾಗಿ 150 ಕಿ.ಮೀ. ಮೀರುವಂತಿಲ್ಲ. ಸೂಪರ್‌ಫಾಸ್ಟ್ ಹತ್ತಬೇಕಾದರೆ ಮೇಲೆ ದುಡ್ಡು ಕಟ್ಟಬೇಕು. ರಿಸರ್ವೇಶನ್ ಬೋಗಿಗೆ ಹತ್ತಿದರೆ, ಅದಕ್ಕೆಂದೇ ಬಿಟ್ಟುಕೊಟ್ಟ ಬೋಗಿಯಲ್ಲದಿದ್ದಲ್ಲಿ, ದಂಡ. ಈ ಕಟ್ಟುಪಾಡುಗಳನ್ನು ನೆನಪಿಟ್ಟುಕೊಳ್ಳಿ, ಯೂರೋಪಿನಲ್ಲಿ ಇವೇ ಬೇರೆ ಹೆಸರಿನಲ್ಲಿ ಎದುರಾಗುತ್ತವೆ.

ಯೂರೋಪಿನ ಪ್ರವಾಸಿ ಪಾಸ್ ಹುಟ್ಟಿದ್ದು ಇದಕ್ಕೆ ಪೂರ್ತಿ ಬೇರೆಯಾದ ಕಾರಣಕ್ಕೆ. ಯೂರೋಪಿನ ಹೊರಗಿನಿಂದ ಬರುವವರಿಗಾಗಿ 1959ರಲ್ಲಿ ಯೂರೇಲ್ ಪಾಸ್ ಶುರುವಾಯಿತು. ಯೂರೋಪಿನಲ್ಲೇ ವಾಸವಿರುವ ಹರೆಯದವರಿಗಾಗಿ 1972ರಲ್ಲಿ ಇಂಟರ್‌ರೇಲ್ ಬಂತು. ಈಗ ಎರಡೂ 33 ದೇಶಗಳಲ್ಲಿ ನಡೆಯುತ್ತವೆ, ಕಾಗದದ ಬದಲು ಮೊಬೈಲಿನಲ್ಲಿ ಇರುತ್ತವೆ. ಸೀಸನ್ ಟಿಕೆಟ್ ಒಂದೇ ದಾರಿಯನ್ನು ಮೂವತ್ತು ಸಲ ತುಳಿಯುವವನಿಗೆ. ಪ್ರವಾಸಿ ಪಾಸ್ ಹತ್ತು ದಾರಿಗಳನ್ನು ಒಂದೊಂದು ಸಲ ತುಳಿಯುವವನಿಗೆ. ಮೊದಲನೆಯವನು ನಾಳೆ ಎಲ್ಲಿರುತ್ತಾನೆಂದು ರೈಲ್ವೆಗೆ ಗೊತ್ತು, ಎರಡನೆಯವನಿಗೆ ತಾನು ನಾಳೆ ಎಲ್ಲಿರುತ್ತೇನೆಂದು ತನಗೇ ಗೊತ್ತಿಲ್ಲ. ಅವನಿಗೆ ಮಾರುತ್ತಿರುವುದು ಅಗ್ಗವನ್ನಲ್ಲ, ನಿರ್ಧಾರ ಮುಂದೂಡುವ ಸೌಕರ್ಯವನ್ನು. ಹಿಂದೆ ಇವೆರಡೂ ಒಟ್ಟಿಗೇ ಸಿಗುತ್ತಿದ್ದವು. ಆಗ ಅಲ್ಲಿಯ ರೈಲು ದರವೂ ನಮ್ಮಲ್ಲಿಯ ಹಾಗೆ ಬಹುಮಟ್ಟಿಗೆ ದೂರದ ಮೇಲೆ ನಿಗದಿಯಾಗಿರುತ್ತಿತ್ತು, ಇವತ್ತು ಕೊಂಡರೂ ಒಂದೇ, ಮೂರು ತಿಂಗಳು ಮೊದಲು ಕೊಂಡರೂ ಒಂದೇ. ದೂರ ಹೆಚ್ಚು ಓಡಾಡುವವನಿಗೆ ಪಾಸ್ ಕಣ್ಣು ಮುಚ್ಚಿ ಕೊಳ್ಳುವಂಥದ್ದಾಗಿತ್ತು. 1981ರಲ್ಲಿ ಪ್ಯಾರಿಸ್–ಲಿಯೋನ್ ನಡುವೆ ಟಿಜಿವಿ ಎಂಬ ಅತಿವೇಗದ ರೈಲು ಓಡತೊಡಗಿತು, ಅದರಲ್ಲಿ ಸೀಟು ಕಾಯ್ದಿರಿಸದೆ ಕೂರುವಂತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಇಂಥ ರೈಲುಗಳು ಹೆಚ್ಚಿದಂತೆ ಟಿಕೆಟ್ ದರವೂ ವಿಮಾನದ ದರದ ಹಾಗೆ ಏರಿಳಿಯತೊಡಗಿತು. ಬೇಗ ಕೊಂಡವನಿಗೆ ಅಗ್ಗ, ಕೊನೆ ಗಳಿಗೆಯವನಿಗೆ ದುಬಾರಿ. ಪಾಸ್‌ಗೆ ಪೆಟ್ಟು ಬಿದ್ದದ್ದು ಅಲ್ಲಿ.

ಈ ಬೇಗ ಕೊಳ್ಳುವ ವಿಷಯದಲ್ಲಿ ನಮ್ಮ ಅಭ್ಯಾಸ ನಮಗೇ ಅಡ್ಡಿ. ಭಾರತದಲ್ಲಿ ಮುಂಚೆ ಬುಕ್ ಮಾಡಿದರೆ ಬರ್ತ್ ಸಿಗುತ್ತದೆಯೇ ಹೊರತು ದರವೇನೂ ಇಳಿಯುವುದಿಲ್ಲ. ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಲ್ಲಿ 2016ರ ಸೆಪ್ಟೆಂಬರಿನಿಂದ ಸೀಟು ತುಂಬಿದಂತೆಲ್ಲ ದರ ಏರುವ ಪದ್ಧತಿ ಇದೆ, ಉಳಿದೆಡೆ ತತ್ಕಾಲ್ ಬಿಟ್ಟರೆ ಇಂಥ ಏರಿಳಿತ ಬಹುಮಟ್ಟಿಗೆ ಇಲ್ಲ. ಬುಕಿಂಗ್ ತೆರೆಯುವ ಅವಧಿಯನ್ನೂ 2024ರ ನವೆಂಬರ್ 1ರಿಂದ 120 ದಿನದಿಂದ 60ಕ್ಕೆ ಇಳಿಸಿದ್ದಾರೆ. ಹೀಗಾಗಿ ಎರಡು ತಿಂಗಳಿಗೂ ಮುಂಚೆ ರೈಲಿನ ಯೋಚನೆ ಮಾಡುವ ರೂಢಿಯೇ ನಮಗಿಲ್ಲ. ಜರ್ಮನಿಯ ರೈಲ್ವೆ ಡಾಯ್ಚ ಬಾನ್ ತಿಂಗಳುಗಟ್ಟಲೆ ಮೊದಲೇ ಅಗ್ಗದ ಟಿಕೆಟ್ ಬಿಡುತ್ತದೆ. ಮ್ಯೂನಿಕ್‌ನಿಂದ ಬರ್ಲಿನ್‌ನಂಥ ಉದ್ದದ ಹಾದಿಗೂ ಆ ದರ 20 ಯೂರೊ ಆಸುಪಾಸಿನಿಂದ ಶುರುವಾಗುತ್ತದೆ, ಯಾವ ರೈಲಿಗಾದರೂ ನಡೆಯುವ ಪೂರ್ತಿ ದರ ಇದರ ಹಲವು ಪಟ್ಟು. ಒಂದೇ ರೈಲು, ಒಂದೇ ದರ್ಜೆ, ಅಕ್ಕಪಕ್ಕದ ಸೀಟು. ಒಬ್ಬ ಕೊಟ್ಟದ್ದು ಇನ್ನೊಬ್ಬನ ಐದರಲ್ಲೊಂದು ಪಾಲು ಎನ್ನುವಂತೆ ಆಗಬಹುದು. ಪಾಸ್ ಲಾಭವೋ ನಷ್ಟವೋ ಎಂದು ಕೇಳುವಾಗ ಯಾವ ದರದ ಪಕ್ಕದಲ್ಲಿಟ್ಟು ಕೇಳುತ್ತಿದ್ದೇವೆ ಎಂಬುದೇ ಮುಖ್ಯ. ಪಾಸ್ ಮಾರುವವರು ಸ್ವಾಭಾವಿಕವಾಗಿಯೇ ಪೂರ್ತಿ ದರವನ್ನು ಪಕ್ಕದಲ್ಲಿಟ್ಟು ತೋರಿಸುತ್ತಾರೆ.

ನಮ್ಮ ಕಡೆಯ ವ್ಯಾಪಾರಿ ಹುಣಸೆ ಮರವನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುತ್ತಾನೆ. ಕೊಂಬೆ ಕೊಂಬೆ ನೋಡಿ, ಕಳೆದ ವರ್ಷ ಎಷ್ಟು ಬಿಟ್ಟಿತ್ತೆಂದು ವಿಚಾರಿಸಿ, ಮಳೆಗಾಳಿಗೆ ಉದುರುವುದನ್ನು ಕಳೆದು ಮಾತಾಡುತ್ತಾನೆ, ನೋಡದ ಮರಕ್ಕೆ ಮಾತು ಕೊಡುವುದಿಲ್ಲ. ಪಾಸ್ ಕೊಳ್ಳುವವನೂ ಹಾಗೆಯೇ ಕೂತು ಲೆಕ್ಕ ಹಾಕಬೇಕು. ಒಂದು ತಿಂಗಳ ಒಳಗೆ ಯಾವ ನಾಲ್ಕು ದಿನವಾದರೂ ಓಡಾಡಬಹುದಾದ ಯೂರೇಲ್ ಪಾಸ್, ದೊಡ್ಡವರಿಗೆ ಎರಡನೇ ದರ್ಜೆಯಲ್ಲಿ, ಈಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ 280 ಯೂರೊ. ದಿನಕ್ಕೆ 70 ಬಿತ್ತು. ಈಗ ನಮ್ಮವರು ಹೆಚ್ಚಾಗಿ ಹಿಡಿಯುವ ದಾರಿಯೊಂದನ್ನು ತೆಗೆದುಕೊಳ್ಳಿ: ಪ್ಯಾರಿಸ್‌ನಿಂದ ಜ್ಯೂರಿಕ್, ಅಲ್ಲಿಂದ ಮಿಲಾನ್, ಮಿಲಾನ್‌ನಿಂದ ವೆನಿಸ್, ವೆನಿಸ್‌ನಿಂದ ರೋಮ್. ನಾಲ್ಕು ದಿನ, ನಾಲ್ಕು ರೈಲು. ಪಾಸ್ ಇದ್ದರೂ ಈ ರೈಲುಗಳಿಗೆ ಸೀಟಿನ ದುಡ್ಡು ಬೇರೆ. ಇಟಲಿಯ ಅತಿವೇಗದ ರೈಲಿಗೆ ಸಲಕ್ಕೆ ಹತ್ತು–ಹದಿಮೂರು ಯೂರೊ, ಪ್ಯಾರಿಸ್–ಜ್ಯೂರಿಕ್ ರೈಲಿಗೆ ಅದಕ್ಕಿಂತ ಹೆಚ್ಚು. ಎಲ್ಲ ಕೂಡಿದರೆ ತಲೆಗೆ 340ರ ಹತ್ತಿರ. ಇದೇ ನಾಲ್ಕು ಟಿಕೆಟ್‌ಗಳನ್ನು ಎರಡು ಮೂರು ತಿಂಗಳು ಮೊದಲೇ ಬಿಡಿಯಾಗಿ ಕೊಂಡರೆ ಮೊತ್ತ 200 ಯೂರೊ ದಾಟುವುದು ಅಪರೂಪ. ಏನೂ ಯೋಚಿಸದೆ ಹಿಂದಿನ ದಿನ ಕೊಂಡರೂ ಪಾಸ್‌ನ ಮೊತ್ತದ ಅಕ್ಕಪಕ್ಕಕ್ಕೆ ಬಂದು ನಿಲ್ಲುತ್ತದೆ. ಹಾಗಾದರೆ ಈ ದಾರಿಯಲ್ಲಿ ಪಾಸ್ ಕೊಂಡವನಿಗೆ ದಕ್ಕಿದ್ದೇನು? ದಿನ ಬದಲಿಸುವ ಸ್ವಾತಂತ್ರ್ಯ ಎನ್ನುವಿರಾ? ಸೀಟು ಕಾಯ್ದಿರಿಸಿದ ಮೇಲೆ ಅದೂ ಉಳಿಯಲಿಲ್ಲ. ಫ್ರಾನ್ಸಿನ ರೈಲುಗಳಲ್ಲಂತೂ ಪಾಸ್‌ದಾರರಿಗೆಂದು ಇಡುವ ಸೀಟುಗಳು ಇಷ್ಟೇ ಎಂದು ಮಿತಿ ಉಂಟು. ರೈಲಿನಲ್ಲಿ ಜಾಗವಿದ್ದರೂ ಪಾಸ್‌ದಾರರ ಪಾಲು ಮುಗಿದಿದ್ದರೆ ಪೂರ್ತಿ ಟಿಕೆಟ್ ಕೊಳ್ಳಬೇಕು.

ಈಗ ವೀಸಾದ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ವಾದದ ತಿರುಳಿರುವುದು ಇಲ್ಲಿ. ಪಾಸ್ ಮಾರುವುದು ನಿರ್ಧಾರ ಮುಂದೂಡುವ ಸೌಕರ್ಯವನ್ನು ಎಂದೆ. ಅಮೆರಿಕದ ಯುವಕನಿಗೆ ಅಥವಾ ಆಸ್ಟ್ರೇಲಿಯಾದವನಿಗೆ ಆ ಸೌಕರ್ಯ ನಿಜ, ಅವರು ವೀಸಾ ಇಲ್ಲದೆ ಬಂದಿಳಿದು ಎಲ್ಲಿಗೆ ಬೇಕಾದರೂ ತಿರುಗಬಹುದು. ಭಾರತದ ಪಾಸ್‌ಪೋರ್ಟ್ ಹಿಡಿದವರು ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗಲೇ ಎಲ್ಲಿ ಇಳಿಯುತ್ತೇವೆ, ಯಾವ ಊರಿನಲ್ಲಿ ಎಷ್ಟು ರಾತ್ರಿ, ಯಾವ ಹೋಟೆಲು, ಹಿಂದಿರುಗುವ ವಿಮಾನ ಯಾವುದು ಎಂದು ಕಾಗದದ ಮೇಲೆ ತೋರಿಸಬೇಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೇವೋ ಆ ದೇಶದ ದೂತಾವಾಸಕ್ಕೇ ಅರ್ಜಿ ಹೋಗಬೇಕು, ಆದ್ದರಿಂದ ದಿನಗಳ ಹಂಚಿಕೆಯೂ ಆಗಿಬಿಟ್ಟಿರಬೇಕು. 2024ರ ಜೂನ್ 11ರಿಂದ ದೊಡ್ಡವರ ಶುಲ್ಕ 90 ಯೂರೊ, ವೀಸಾ ಕೊಡದಿದ್ದರೂ ಅದು ಹಿಂದಿರುಗದು. ಇಷ್ಟೆಲ್ಲ ನಿರ್ಧರಿಸಿ, ಸಹಿ ಹಾಕಿ, ಬೆರಳಚ್ಚು ಕೊಟ್ಟು ಬಂದವನು ಆಮೇಲೆ ನಿರ್ಧಾರ ಮುಂದೂಡುವುದಕ್ಕೆಂದು ಪಾಸ್‌ಗೆ ದುಡ್ಡು ಕೊಡುವುದು ಏತಕ್ಕೆ? ಅವನ ಸ್ವಾತಂತ್ರ್ಯವನ್ನು ವೀಸಾ ಅರ್ಜಿ ಆಗಲೇ ತೆಗೆದುಕೊಂಡಿದೆ. ಅದರ ಬದಲಿಗೆ ಸಿಗಬೇಕಾದ ಅಗ್ಗವನ್ನಾದರೂ ಅವನು ಕೇಳಿ ಪಡೆಯಬೇಡವೇ? ಊರು ಊರಿನ ದಿನ ಗೊತ್ತಾಗಿರುವವನಿಗೆ ಮುಂಗಡ ಟಿಕೆಟ್ಟೇ ಸರಿ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ವೀಸಾ ಬರುವ ಮುಂಚೆ ಟಿಕೆಟ್ ಕೊಂಡು, ಆಮೇಲೆ ವೀಸಾ ಬರದಿದ್ದರೆ? ಅತಿ ಅಗ್ಗದ ಟಿಕೆಟ್‌ಗಳಿಗೆ ಹಣ ವಾಪಸಿಲ್ಲ. ಪಾಸ್‌ನಲ್ಲಾದರೆ ಹಾಗಲ್ಲ. ರಿಯಾಯಿತಿ ಮಾರಾಟದಲ್ಲಿ ಕೊಂಡದ್ದಲ್ಲದಿದ್ದರೆ, ಇನ್ನೂ ಚಾಲ್ತಿ ಮಾಡದ ಪಾಸನ್ನು ಒಂದು ಪಾಲು ಮುರಿದುಕೊಂಡು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಈ ಲೆಕ್ಕದಲ್ಲಿ ಪಾಸ್ ಮೇಲು, ಒಪ್ಪೋಣ. ಆದರೆ ಇದಕ್ಕೆ ಮದ್ದು ಪಾಸ್ ಕೊಳ್ಳುವುದಲ್ಲ, ವೀಸಾಕ್ಕೆ ಬೇಗ ಹೋಗುವುದು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಷೆಂಗೆನ್ ಅರ್ಜಿ ಹಾಕಲು ಅವಕಾಶವಿದೆ. ಏಪ್ರಿಲ್–ಮೇ ರಜೆಯಲ್ಲಿ ಹೋಗುವವರು ಡಿಸೆಂಬರಿನಲ್ಲಿ ಅರ್ಜಿ ಹಾಕಿ, ಪಾಸ್‌ಪೋರ್ಟಿನ ಮೇಲೆ ಚೀಟಿ ಅಂಟಿದ ದಿನವೇ ರೈಲು ಟಿಕೆಟ್ ಕೊಳ್ಳಬಹುದು, ಅಷ್ಟು ಹೊತ್ತಿಗೆ ಅಗ್ಗದ ಟಿಕೆಟ್ ಇನ್ನೂ ಉಳಿದಿರುತ್ತದೆ. ತಡವಾಗಿ ಅರ್ಜಿ ಹಾಕಿ ಹೊರಡಲು ಹತ್ತು ದಿನ ಇರುವಾಗ ವೀಸಾ ಕೈಗೆ ಬಂದವರ ಮಾತು ಬೇರೆ. ಅವರಿಗೆ ಉಳಿದಿರುವುದು ದುಬಾರಿ ಟಿಕೆಟ್ಟು ಮತ್ತು ಪಾಸು, ಆಗ ಪಾಸ್ ಗೆಲ್ಲುವುದುಂಟು.

ಎರಡನೆಯ ಆಕ್ಷೇಪಣೆ ರೈಲು ತಪ್ಪುವುದರ ಬಗ್ಗೆ. ಅಗ್ಗದ ಟಿಕೆಟ್ ಒಂದೇ ರೈಲಿಗೆ ಕಟ್ಟಿಹಾಕುತ್ತದೆ. ವಯಸ್ಸಾದವರು, ಗೊತ್ತಿಲ್ಲದ ಸ್ಟೇಷನ್ನು, ಕೈಯಲ್ಲಿ ಸೂಟ್‌ಕೇಸು, ಪ್ಲಾಟ್‌ಫಾರಂ ಕೊನೆ ಗಳಿಗೆಯಲ್ಲಿ ಬದಲಾಯಿತು ಅನ್ನಿ, ರೈಲು ಹೋಗಿಬಿಟ್ಟರೆ ಟಿಕೆಟ್ಟೂ ಹೋಯಿತು. ಪಾಸ್ ಇದ್ದರೆ ಮುಂದಿನ ರೈಲು. ಜರ್ಮನಿಯ ರೈಲು ಗಡಿಯಾರದ ಮುಳ್ಳಿನ ಹಾಗೆ ಎಂದು ನಂಬಿ ಹೋದವರಿಗೆ ಅಲ್ಲಿ ಆಶ್ಚರ್ಯ ಕಾದಿದೆ. 2024ರಲ್ಲಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ನೂರಕ್ಕೆ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಎಣಿಸದೆ. ಸ್ವಿಟ್ಜರ್ಲೆಂಡಿನಲ್ಲಿ ಇದು ನೂರಕ್ಕೆ 90ಕ್ಕೂ ಮೇಲೆ, ಅದೂ ಮೂರು ನಿಮಿಷದ ಅಳತೆಯಲ್ಲಿ. ಆದರೆ ಇಲ್ಲಿ ಎರಡನ್ನು ಬಿಡಿಸಿ ನೋಡಬೇಕು. ರೈಲು ತಪ್ಪಿದ್ದು ನಿಮ್ಮಿಂದಲೋ, ರೈಲ್ವೆಯಿಂದಲೋ? ಒಂದೇ ಟಿಕೆಟ್ಟಿನಲ್ಲಿ ಎರಡು ರೈಲು ಬರೆದಿದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಅಥವಾ ತಲಪುವ ಊರಿಗೆ 20 ನಿಮಿಷಕ್ಕಿಂತ ಹೆಚ್ಚು ತಡವಾಗುವುದು ಖಚಿತವಾದರೆ, ಜರ್ಮನಿಯ ಅಗ್ಗದ ಟಿಕೆಟ್ಟಿನ ಕಟ್ಟು ಬಿಚ್ಚಿಕೊಳ್ಳುತ್ತದೆ, ಮುಂದಿನ ರೈಲಿನಲ್ಲಿ ಹೋಗಬಹುದು. ಯೂರೋಪ್ ಒಕ್ಕೂಟದ ನಿಯಮದ ಪ್ರಕಾರ ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಭಾಗ ಪರಿಹಾರವೂ ಉಂಟು. ಆದ್ದರಿಂದ ಹೊರಡುವ ಊರಿನಿಂದ ಸೇರುವ ಊರಿನವರೆಗೆ ಒಂದೇ ಟಿಕೆಟ್ ಕೊಳ್ಳಬೇಕು. ಎರಡು ಯೂರೊ ಉಳಿಯಿತೆಂದು ತುಂಡು ತುಂಡಾಗಿ ಕೊಂಡರೆ ಈ ರಕ್ಷಣೆ ಕೈಬಿಡುತ್ತದೆ. ನಿಮ್ಮಿಂದಲೇ ತಪ್ಪಿದರೆ ನಷ್ಟ ನಿಮ್ಮದೇ, ಆದರೆ 25 ಯೂರೊವಿನ ಟಿಕೆಟ್ ಒಂದು ಕಳೆದುಕೊಂಡರೂ ಪಾಸ್‌ಗಿಂತ ಕೆಳಗೇ ಇರುತ್ತೀರಿ. ನಷ್ಟದ ಹೆದರಿಕೆಗೆ ನಷ್ಟಕ್ಕಿಂತ ಹೆಚ್ಚು ದುಡ್ಡು ಕೊಡುವುದು ವಿಮೆಯಲ್ಲ.

ಮಕ್ಕಳಿರುವ ಸಂಸಾರದವರು ಇನ್ನೊಂದು ಮಾತು ಹೇಳುತ್ತಾರೆ: ಯೂರೇಲ್‌ನಲ್ಲಿ ನಾಲ್ಕರಿಂದ ಹನ್ನೊಂದು ವಯಸ್ಸಿನ ಮಕ್ಕಳಿಗೆ, ಒಬ್ಬ ದೊಡ್ಡವರ ಜೊತೆ ಇಬ್ಬರವರೆಗೆ, ಪಾಸ್ ಪುಕ್ಕಟೆ. ನಿಜ, ಫ್ರಾನ್ಸಿನಂಥ ದೇಶದಲ್ಲಿ ಇದು ಎಣಿಸಬೇಕಾದ ಉಳಿತಾಯ. ಆದರೆ ಸೀಟಿನ ದುಡ್ಡು ಮಕ್ಕಳಿಗೂ ಬೀಳುತ್ತದೆ. ಜರ್ಮನಿಯಲ್ಲಾದರೆ ತಂದೆ ತಾಯಿಯ ಜೊತೆ ಹದಿನಾಲ್ಕರವರೆಗಿನ ಮಕ್ಕಳು ಸಾಮಾನ್ಯ ಟಿಕೆಟ್ಟಿನಲ್ಲೂ ಪುಕ್ಕಟೆಯಾಗಿಯೇ ಹೋಗಬಹುದು. ಹಿರಿಯರಿಗೆ, 60 ದಾಟಿದವರಿಗೆ, ಯೂರೇಲ್ ನೂರಕ್ಕೆ 10 ಬಿಡುತ್ತದೆ. ನಮ್ಮ ರೈಲ್ವೆ 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ ಹಿರಿಯರ ರಿಯಾಯಿತಿ ಗಂಡಸರಿಗೆ ನೂರಕ್ಕೆ 40, ಹೆಂಗಸರಿಗೆ 50 ಇತ್ತು. ಆ ಹಳೆಯ ಅಳತೆಯಲ್ಲಿ ನೋಡಿದರೆ ಹತ್ತು ಏನೇನೂ ಅಲ್ಲ.

ಹಾಗಾದರೆ ಪಾಸ್ ಯಾರಿಗೂ ಬೇಡವೇ? ಹಾಗೆ ಹೇಳಿದರೆ ತಪ್ಪಾಗುತ್ತದೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳಲ್ಲಿ ಹೆಚ್ಚಿನ ರೈಲುಗಳಿಗೆ ಸೀಟು ಕಾಯ್ದಿರಿಸುವ ಕಡ್ಡಾಯವಿಲ್ಲ. ಪಾಸ್‌ನ ಒಂದು ದಿನವೆಂದರೆ ರಾತ್ರಿ ಹನ್ನೆರಡರಿಂದ ರಾತ್ರಿ ಹನ್ನೆರಡರವರೆಗೆ, ಅಷ್ಟರೊಳಗೆ ಎಷ್ಟು ರೈಲಾದರೂ ಹತ್ತಬಹುದು. ಹ್ಯಾಂಬರ್ಗ್‌ನಲ್ಲಿ ಬೆಳಗಿನ ತಿಂಡಿ ತಿಂದು, ಮಧ್ಯಾಹ್ನ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ನೋಡಿ, ರಾತ್ರಿಗೆ ಜ್ಯೂರಿಕ್ ಸೇರುವವನಿಗೆ, ಅದೂ ಹಿಂದಿನ ರಾತ್ರಿ ಯೋಚಿಸಿ ಹೊರಟವನಿಗೆ, ಪಾಸ್‌ನ ಆ ದಿನ ತನ್ನ ಬೆಲೆಯನ್ನು ಮೂರು ಪಟ್ಟು ತೀರಿಸಿರುತ್ತದೆ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದರೂ, ನಡುವೆ ರೈಲು ಬದಲಿಸದಿದ್ದರೆ, ಹತ್ತಿದ ದಿನ ಒಂದೇ ಲೆಕ್ಕಕ್ಕೆ ಬರುತ್ತದೆ, ಮಲಗುವ ಜಾಗದ ದುಡ್ಡು ಮಾತ್ರ ಬೇರೆ. 27 ವರ್ಷದವರೆಗಿನವರಿಗೆ ನೂರಕ್ಕೆ 25 ಕಡಿತವಿದೆ. ಹಾಗಾಗಿ ಹರೆಯದವರು, ದಿನ ಗೊತ್ತು ಮಾಡಿಕೊಳ್ಳದೆ ತಿಂಗಳುಗಟ್ಟಲೆ ತಿರುಗುವವರು, ದೂರ ದೂರ ನೆಗೆಯುವವರು ಪಾಸ್ ಕೊಳ್ಳಲಿ. ಹತ್ತು ದಿನದ ರಜೆ ಹಾಕಿ ಬರುವ ತುಮಕೂರಿನ ಮೇಷ್ಟ್ರು ಈ ಗುಂಪಿಗೆ ಸೇರುವುದು ಕಷ್ಟ.

ಸ್ವಿಟ್ಜರ್ಲೆಂಡಿನದು ಬೇರೆಯದೇ ಕಥೆ. ಸಿನಿಮಾದ ಪ್ರಭಾವವೋ ಏನೋ, ನಮ್ಮವರಿಗೆ ಯೂರೋಪ್ ಎಂದರೆ ಮೊದಲು ನೆನಪಾಗುವುದು ಹಿಮದ ಬೆಟ್ಟ. ಅಲ್ಲಿ ಬಿಡಿ ಟಿಕೆಟ್ ವಿಪರೀತ ದುಬಾರಿ, ಸೀಟು ಕಾಯ್ದಿರಿಸುವ ಗೋಜಿಲ್ಲ, ರೈಲು, ಬಸ್ಸು, ಕೆರೆಯ ಮೇಲಿನ ಹಡಗು ಎಲ್ಲ ಒಂದೇ ಟಿಕೆಟ್ಟಿನಡಿ ಬರುತ್ತವೆ. ಪ್ರವಾಸಿಗಳಿಗಾಗಿ ಸ್ವಿಸ್ ಟ್ರಾವೆಲ್ ಪಾಸ್ ಇದೆ, ಅದರಲ್ಲಿ ಮ್ಯೂಸಿಯಂಗಳೂ ಸೇರಿವೆ. ಅದನ್ನು ಕೊಂಡವರು ಎಡವುವುದು ಒಂದೇ ಕಡೆ. 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ ಹೋಗಲೆಂದೇ ಬಹುಪಾಲು ಜನ ಅಲ್ಲಿಗೆ ಬರುವುದು, ಆದರೆ ಪಾಸ್ ಪೂರ್ತಿ ನಡೆಯುವುದು ಬೆಟ್ಟದ ಬುಡದ ಗ್ರಿಂಡೆಲ್‌ವಾಲ್ಡ್, ವೆಂಗೆನ್‌ವರೆಗೆ. ಅಲ್ಲಿಂದ ಮೇಲಕ್ಕೆ ನೂರಕ್ಕೆ 25 ಕಡಿತ ಅಷ್ಟೆ. ಇದರ ಬದಲು ಹಾಫ್ ಫೇರ್ ಕಾರ್ಡ್ ಎಂಬುದನ್ನು ಕೊಂಡರೆ ತಿಂಗಳ ಕಾಲ ಹೆಚ್ಚುಕಡಿಮೆ ಎಲ್ಲಕ್ಕೂ ಅರ್ಧ ದರ, ಆ ಬೆಟ್ಟದ ರೈಲಿಗೂ ಅರ್ಧ. ಒಂದೆರಡು ಊರಿನಲ್ಲಿ ತಂಗಿ, ಒಂದು ದುಬಾರಿ ಬೆಟ್ಟ ಹತ್ತಿ ಬರುವವರಿಗೆ ಈ ಕಾರ್ಡೇ ಮೇಲು ಎಂದು ನನಗನ್ನಿಸುತ್ತದೆ. ದಿನಾ ಊರೂರು ಸುತ್ತುವವರಿಗೆ ಪಾಸು. ಇಬ್ಬರೂ ಸ್ವಿಟ್ಜರ್ಲೆಂಡಿಗೆಂದು ಯೂರೇಲ್ ಕೊಳ್ಳಬೇಕಿಲ್ಲ.

ಈ ಅರ್ಧ ದರದ ಕಾರ್ಡು ಮೂಲತಃ ಸ್ವಿಸ್ ನಿವಾಸಿಗಳು ವರ್ಷವಿಡೀ ಇಟ್ಟುಕೊಳ್ಳುವಂಥದ್ದು, ಪ್ರವಾಸಿಗೆ ಅದರ ತಿಂಗಳ ರೂಪ ಕೊಟ್ಟಿದ್ದಾರೆ. ಜರ್ಮನಿಯಲ್ಲೂ ಪ್ರವಾಸಿಗೆಂದು ಮಾಡಿದ ಪಾಸ್‌ಗಿಂತ ಊರವರಿಗೆಂದು ಮಾಡಿದ ಪಾಸೇ ಅಗ್ಗ. ಅದು ನಮ್ಮ ಸೀಸನ್ ಟಿಕೆಟ್ಟಿನ ಸೋದರ. 2023ರ ಮೇ 1ರಂದು ಡಾಯ್ಚ್‌ಲಾಂಡ್‌ಟಿಕೆಟ್ ಎಂಬುದು ತಿಂಗಳಿಗೆ 49 ಯೂರೊವಿಗೆ ಬಂತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದ ಎಲ್ಲ ಊರುಗಳ ಸಿಟಿ ಬಸ್ಸು, ಮೆಟ್ರೊ, ಟ್ರಾಮು, ಪ್ಯಾಸೆಂಜರ್ ತರಹದ ಪ್ರಾದೇಶಿಕ ರೈಲು ಎಲ್ಲಕ್ಕೂ ಅದೊಂದೇ ಸಾಕು. ಅತಿವೇಗದ ಐಸಿಇಯಂಥ ದೂರದ ರೈಲುಗಳಿಗೆ ಮಾತ್ರ ನಡೆಯದು. ಮಗನೋ ಮಗಳೋ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದು, ಅಪ್ಪ ಅಮ್ಮ ಗುಬ್ಬಿಯಿಂದ ಹೋಗಿ ಒಂದೆರಡು ತಿಂಗಳು ಇರುವವರಾದರೆ, ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಸಂಜೆ ಹತ್ತಿರದ ಪೇಟೆಗೆ ಹೋಗಿ ಬರುವುದರಿಂದ ಹಿಡಿದು, ಫ್ಯೂಸೆನ್‌ನ ಅರಮನೆ ನೋಡುವುದು, ಗಡಿಯಾಚೆಯ ಸಾಲ್ಜ್‌ಬರ್ಗ್‌ಗೆ ಹೋಗಿ ಬರುವುದು, ಎಲ್ಲ ಅದರಲ್ಲೇ ಆಗುತ್ತದೆ. ಒಂದೇ ಎಚ್ಚರ: ಇದು ತಿಂಗಳು ತಿಂಗಳೂ ತಾನಾಗಿ ಮುಂದುವರಿಯುವ ಚಂದಾ. ನಿಲ್ಲಿಸಬೇಕೆಂದರೆ ಆ ತಿಂಗಳ 10ನೇ ತಾರೀಕಿನೊಳಗೆ ಹೇಳಬೇಕು, ಇಲ್ಲವಾದರೆ ಅವರು ಊರಿಗೆ ಬಂದು ತೆಂಗಿನಕಾಯಿ ಕೀಳಿಸುತ್ತಿರುವಾಗಲೂ ಅಲ್ಲಿ ದುಡ್ಡು ಕಟ್ಟಾಗುತ್ತಿರುತ್ತದೆ.

ಇಂಥ ಸಂಸಾರಗಳಲ್ಲಿ ಇನ್ನೊಂದು ತೊಡಕು ಬರುತ್ತದೆ. ಯೂರೇಲ್, ಇಂಟರ್‌ರೇಲ್ ಎರಡರ ನಡುವೆ ಗೆರೆ ಎಳೆದಿರುವುದು ಯಾವ ದೇಶದ ಪ್ರಜೆ ಎಂಬುದರ ಮೇಲಲ್ಲ, ಎಲ್ಲಿ ವಾಸವಿದ್ದೀರಿ ಎಂಬುದರ ಮೇಲೆ. ಜರ್ಮನಿಯಲ್ಲಿ ನೆಲೆಸಿದ ಮಗ ಭಾರತದ ಪಾಸ್‌ಪೋರ್ಟ್ ಹಿಡಿದಿದ್ದರೂ ಇಂಟರ್‌ರೇಲ್‌ನವನು, ನೋಡಲು ಬಂದ ತಂದೆ ತಾಯಿ ಯೂರೇಲ್‌ನವರು. ಬೆಲೆ ಹೆಚ್ಚು ಬೇರೆಯಿಲ್ಲ, ಆದರೆ ಇಂಟರ್‌ರೇಲ್‌ನವನಿಗೆ ತಾನು ವಾಸವಿರುವ ದೇಶದೊಳಗೆ ಪಾಸ್ ನಡೆಯುವುದು ಹೊರಗೆ ಹೋಗುವ ಒಂದು ಪ್ರಯಾಣಕ್ಕೆ ಮತ್ತು ಹಿಂದಿರುಗುವ ಒಂದು ಪ್ರಯಾಣಕ್ಕೆ ಮಾತ್ರ. ಅಪ್ಪ ಅಮ್ಮನ ಪಾಸ್ ಜರ್ಮನಿಯೊಳಗೆ ಎಲ್ಲ ದಿನವೂ ನಡೆಯುತ್ತದೆ. ಮೂವರೂ ಒಂದೇ ಬೋಗಿಯಲ್ಲಿ ಕೂತಿರುತ್ತಾರೆ, ಇಬ್ಬರದು ಸರಿ, ಒಬ್ಬನದು ದಂಡ. ಕರೆದುಕೊಂಡು ಹೋಗುವವನೇ ಸಿಕ್ಕಿಬೀಳುವ ಈ ನಿಯಮವನ್ನು ಜೊತೆಯಾಗಿ ಪಾಸ್ ಕೊಳ್ಳುವ ಮುನ್ನ ಓದಿಕೊಳ್ಳಬೇಕು.

33 ದೇಶ ಎಂಬ ಮಾತಿಗೂ ಮರುಳಾಗಬಾರದು. ಆ ಪಟ್ಟಿಯಲ್ಲಿ ಬ್ರಿಟನ್ ಇದೆ, ಟರ್ಕಿ ಇದೆ, ಸರ್ಬಿಯಾ ಇದೆ. ಷೆಂಗೆನ್ ವೀಸಾ ಇರುವುದು 29 ದೇಶಗಳಿಗೆ, ಇವು ಅದರೊಳಗಿಲ್ಲ. ಪಾಸ್ ಹಳಿಯ ಮೇಲೆ ದಾಟಿಸುತ್ತದೆ, ಗಡಿ ದಾಟಿಸುವುದಿಲ್ಲ. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣವಾದ ಮೇಲೆ, ಸಿದ್ಧಗಂಗೆಯ ಸೀಮೆಯಿಂದ ಹೋಗುವವರಿಗೆ ಪ್ಯಾರಿಸ್‌ವರೆಗೆ ಹೋಗಿ ಲಂಡನ್ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಹೋಗಲಿ, ಆದರೆ ಬ್ರಿಟನ್ನಿನ ವೀಸಾ ಬೇರೆ ಬೇಕು. ಸುರಂಗದೊಳಗೆ ಹೋಗುವ ಯೂರೋಸ್ಟಾರ್ ರೈಲಿನಲ್ಲಿ ಪಾಸ್‌ದಾರರು ಕಟ್ಟಬೇಕಾದ ಸೀಟಿನ ದುಡ್ಡೇ ಸಲಕ್ಕೆ 30 ಯೂರೊ ಮೇಲೆ, ಪಾಸ್‌ನ ಒಂದು ದಿನವೂ ಕರಗುತ್ತದೆ. ಮೊದಲೇ ಕೊಂಡರೆ ಬಿಡಿ ಟಿಕೆಟ್ಟು ಎಷ್ಟೋ ಸಲ ಇವೆರಡರ ಮೊತ್ತದೊಳಗೇ ಬರುತ್ತದೆ.

ಬಿಡಿ ಟಿಕೆಟ್ ಎಂದರೆ ಹತ್ತು ವೆಬ್‌ಸೈಟು, ನಾಲ್ಕು ಭಾಷೆ, ಪ್ರತಿ ಸಲ ಕಾರ್ಡಿನ ಮೇಲೆ ವಿದೇಶಿ ಹಣದ ಶುಲ್ಕ. ಪಾಸ್ ಆದರೆ ಒಂದೇ ಸಲ ಕೊಂಡು ನಿಶ್ಚಿಂತೆಯಾಗಿರಬಹುದಲ್ಲ ಎಂದು ಕೊನೆಗೆ ಕೇಳುವವರಿದ್ದಾರೆ. ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ಪಾಸ್ ಇದ್ದವರೂ ಸೀಟಿಗಾಗಿ ಅದೇ ಕೆಲಸ ಮಾಡಲೇಬೇಕು, ಆದ್ದರಿಂದ ಈ ನಿಶ್ಚಿಂತೆ ಅರ್ಧ ಸುಳ್ಳು. ನಮ್ಮ ರೈಲ್ವೆಯಲ್ಲಿ ಕಾಶಿ, ಪ್ರಯಾಗ, ಗಯಾ ಸುತ್ತಿ ಬರುವವರಿಗೆ ಎಂಟು ಕಡೆ ಇಳಿದು ಹತ್ತಬಹುದಾದ ಸರ್ಕ್ಯುಲರ್ ಟಿಕೆಟ್ಟಿದೆ. ಅದರಲ್ಲೂ ಟಿಕೆಟ್ ಒಂದು, ಪ್ರತಿ ಹಂತದ ರಿಸರ್ವೇಶನ್ ಇನ್ನೊಂದು. ಅದನ್ನು ಮಾಡಿಸಿದವರಿಗೆ ಯೂರೇಲ್ ಪಾಸ್ ಅರ್ಥವಾಗಲು ಎರಡು ನಿಮಿಷ ಸಾಕು. ಇನ್ನು ಇಟಲಿಯ ಪ್ಯಾಸೆಂಜರ್ ರೈಲುಗಳಿಗೆ ಯಾವಾಗ ಕೊಂಡರೂ ಒಂದೇ ದರ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಹತ್ತು ಯೂರೊ ಆಸುಪಾಸು ಕೊಟ್ಟು, ವಾಲಿದ ಗೋಪುರ ನೋಡಿ, ಹಾಗೆಯೇ ಹಿಂದಿರುಗಬಹುದು. ಅದಕ್ಕೆ ಮುಂಗಡವೂ ಬೇಡ, ಪಾಸೂ ಬೇಡ. ಲಕ್ಸೆಂಬರ್ಗ್‌ನಲ್ಲಿ 2020ರಿಂದ ರೈಲಿನ ಎರಡನೇ ದರ್ಜೆ, ಬಸ್ಸು, ಟ್ರಾಮು ಎಲ್ಲರಿಗೂ ಉಚಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಿ.ಎಸ್. ಪುರದಿಂದ ಗುಬ್ಬಿಗೆ ಬಸ್ಸಿನಲ್ಲಿ ಪುಕ್ಕಟೆ ಬರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸೋಜಿಗವೆನಿಸಲಾರದು. ಅಲ್ಲಿ ಗಂಡಸರಿಗೂ ಬಿಟ್ಟಿದ್ದಾರೆ ಎಂಬುದೇ ದೊಡ್ಡ ವ್ಯತ್ಯಾಸ.

ಇಷ್ಟಾದ ಮೇಲೂ ಪಾಸನ್ನೇ ಆರಿಸಿಕೊಳ್ಳುವವರು ಒಂದನ್ನು ಗಮನದಲ್ಲಿಡಿ. ಮೊಬೈಲಿನಲ್ಲಿ ಪಾಸ್ ಇದ್ದ ಮಾತ್ರಕ್ಕೆ ಆಗಲಿಲ್ಲ, ರೈಲು ಹತ್ತುವ ಮುಂಚೆ ಆ ಪ್ರಯಾಣವನ್ನು ಅದರಲ್ಲಿ ಸೇರಿಸಿ ಆ ದಿನದ ಟಿಕೆಟ್ ತೆರೆದಿಟ್ಟಿರಬೇಕು. ಹಾಗೆ ಮಾಡದೆ ಕೂತವರನ್ನು ಟಿಕೆಟ್ ಇಲ್ಲದವರೆಂದೇ ಎಣಿಸುತ್ತಾರೆ. ಪಾಸ್ ಆಗಲಿ, ಮುಂಗಡ ಟಿಕೆಟ್ಟಾಗಲಿ, ಅದರ ಮೇಲೆ ಹೆಸರಿರುತ್ತದೆ, ತಪಾಸಣೆಗೆ ಬಂದವರು ಪಾಸ್‌ಪೋರ್ಟ್ ಕೇಳಿ ತಾಳೆ ನೋಡಬಹುದು. ನಮ್ಮ ಕಡೆ ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇಟ್ಟುಕೊಳ್ಳುವ ರೂಢಿ. ಆಧಾರ್ ಕಾರ್ಡಿನಲ್ಲಿ ಒಂದು ತರಹ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ತರಹ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಪೂರ್ತಿಯಾಗಿ ಬರೆದಿದ್ದರೆ, ಟಿಕೆಟ್ ಕೊಳ್ಳುವಾಗಲೂ ಹಾಗೆಯೇ ಬರೆಯಿರಿ.